ಬೆರಳಿನ ಓದು: ಬಗ್ದಾದಿನಿಂದ ದುದ್ದದವರೆಗೆ

ಮಂಡ್ಯ ತಾಲೂಕಿನ ದುದ್ದ ಒಂದು ಹೋಬಳಿ ಕೇಂದ್ರ. ಆ ಊರಿನ ಹೆಸರನ್ನು ಕಣ್ಣಿನಿಂದ ಓದುವವರಿಗೆ ಅದರಲ್ಲಿರುವುದು ಎರಡೇ ಅಕ್ಷರ. ಬ್ರೈಲ್ ಲಿಪಿಯಲ್ಲಿ ಬೆರಳಿನಿಂದ ಓದುವವರಿಗೆ ಅದು ಐದು ಮನೆಗಳ ಹೆಸರು. ಮೊದಲ ಮನೆಯಲ್ಲಿ ದ, ಎರಡನೆಯದರಲ್ಲಿ ಉ, ಮೂರನೆಯದರಲ್ಲಿ ಮುಂದಿನ ವ್ಯಂಜನಕ್ಕೆ ಸ್ವರವಿಲ್ಲ ಎಂದು ತಿಳಿಸುವ ಒಂಟಿ ಚುಕ್ಕೆ, ಆಮೇಲೆ ದ, ಮತ್ತೆ ದ. ಕೊಂಬಿಲ್ಲ, ಒತ್ತಕ್ಷರವಿಲ್ಲ. ಮೇಲೆ ಕೆಳಗೆ ಹರಡಿಕೊಳ್ಳುವ ನಮ್ಮ ಕನ್ನಡದ ಅಕ್ಷರಗಳು ಇಲ್ಲಿ ಒಂದರ ಪಕ್ಕ ಒಂದು ಸಾಲಾಗಿ ನಿಲ್ಲುತ್ತವೆ. ಒಟ್ಟು ಹದಿಮೂರು ಚುಕ್ಕೆಗಳಲ್ಲಿ ಊರಿನ ಹೆಸರು ಮುಗಿಯುತ್ತದೆ.

ಈ ಹದಿಮೂರು ಚುಕ್ಕೆಗಳು ತಮ್ಮಷ್ಟಕ್ಕೆ ತಾವೇ ಬಂದು ಕೂತವಲ್ಲ. ಅವುಗಳ ಹಿಂದೆ ಹಲವು ದೇಶಗಳ ಶ್ರಮವಿದೆ, ಜಗಳವಿದೆ, ನಿಷೇಧವಿದೆ, ಒಪ್ಪಂದವಿದೆ. ಆ ಇತಿಹಾಸವನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕೆಂಬುದು ನಮ್ಮ ಉದ್ದೇಶ. ಅದಕ್ಕೆ ಒಂದು ಕಾರಣವೂ ಇದೆ. ದುದ್ದದಂಥ ಊರಿನಲ್ಲಿ ಹುಟ್ಟಿದ ಅಂಧ ಹುಡುಗಿಯೊಬ್ಬಳು ಬ್ರೈಲ್ ಕಲಿತು, ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ, ಮಂಡ್ಯದಲ್ಲೋ ಮೈಸೂರಿನಲ್ಲೋ ಪದವಿ ತರಗತಿಗೆ ಸೇರಿದಳೆಂದು ಭಾವಿಸೋಣ. ಅಲ್ಲಿಯವರೆಗೆ ಅವಳ ಜೊತೆಗೆ ಬಂದ ಚುಕ್ಕೆಗಳು ಅಲ್ಲಿಂದ ಮುಂದಕ್ಕೂ ಬರುತ್ತವೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಬೆರಳಿನ ಓದು ಯಾರ ಕೈಯಲ್ಲಿ ಬೆಳೆಯಿತು, ಯಾರ ಕೈಯಲ್ಲಿ ಸೊರಗಿತು ಎಂಬುದನ್ನು ತಿಳಿಯಬೇಕು.

ಬಗ್ದಾದಿನ ಪುಸ್ತಕ ವ್ಯಾಪಾರಿ

ಹದಿಮೂರನೆಯ ಶತಮಾನದ ಕೊನೆ, ಹದಿನಾಲ್ಕನೆಯ ಶತಮಾನದ ಆರಂಭದ ಬಗ್ದಾದಿನಲ್ಲಿ ಝೈನುದ್ದೀನ್ ಅಲ್ ಆಮಿದಿ ಎಂಬ ವಿದ್ವಾಂಸರಿದ್ದರು. ಹಂಬಲಿ ಪಂಥದ ನ್ಯಾಯಶಾಸ್ತ್ರ ಬಲ್ಲವರು, ಪುಸ್ತಕ ವ್ಯಾಪಾರಿ, ಅಂಧರು. ಅವರ ವಿಷಯವನ್ನು ನಮಗೆ ಉಳಿಸಿಕೊಟ್ಟವರು 1363ರಲ್ಲಿ ನಿಧನರಾದ ಚರಿತ್ರೆಕಾರ ಅಸ್ಸಫದಿ. ಹೆಸರಾಂತ ಅಂಧರ ಜೀವನಗಳನ್ನಷ್ಟೇ ಒಟ್ಟುಗೂಡಿಸಿ ಅವರು ಒಂದು ಗ್ರಂಥವನ್ನೇ ಬರೆದರು. ಅಂಧರನ್ನು ಮರುಕದ ಪಾತ್ರಗಳಾಗಿ ನೋಡದೆ, ಪಂಡಿತರು, ಕವಿಗಳು, ನ್ಯಾಯಾಧೀಶರೆಂದು ಪಟ್ಟಿಮಾಡಿದ ಗ್ರಂಥ ಅದು.

ಅಸ್ಸಫದಿ ಹೇಳುವ ಪ್ರಕಾರ ಆಮಿದಿಯವರು ಒಂದು ಪುಸ್ತಕ ಕೊಂಡರೆ ತೆಳುವಾದ ಕಾಗದವನ್ನು ನವಿರಾಗಿ ಹೊಸೆದು ಎಳೆಯಂತೆ ಮಾಡುತ್ತಿದ್ದರು. ಅರಬ್ಬಿಯ ಅಬ್‌ಜದ್ ಲೆಕ್ಕದಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯ ಬೆಲೆಯಿದೆ. ಪುಸ್ತಕದ ಬೆಲೆ ಎಷ್ಟೋ ಅಷ್ಟನ್ನು ಸೂಚಿಸುವ ಅಕ್ಷರಗಳ ಆಕಾರಕ್ಕೆ ಆ ಕಾಗದದ ಎಳೆಯನ್ನು ಬಗ್ಗಿಸಿ, ರಟ್ಟಿನ ಒಳಬದಿಗೆ ಅಂಟಿಸಿ, ಅದರ ಮೇಲೆ ಇನ್ನೊಂದು ಕಾಗದ ಹಚ್ಚುತ್ತಿದ್ದರು. ಬೆಲೆ ಮರೆತಾಗ ಬೆರಳಾಡಿಸಿದರೆ ಸಾಕು, ಗೊತ್ತಾಗುತ್ತಿತ್ತು.

ಬ್ರೈಲ್ ಲಿಪಿಯನ್ನು ಲೂಯಿ ಬ್ರೈಲ್‌ಗಿಂತ ಐನೂರು ವರ್ಷ ಮೊದಲೇ ಕಂಡುಹಿಡಿದವರು ಆಮಿದಿ ಎಂದು ಕೆಲವರು ಹೆಮ್ಮೆಯಿಂದ ಹೇಳುವುದುಂಟು. ಅದು ಸರಿಯಲ್ಲ. ಆಮಿದಿಯವರದು ಕಣ್ಣಿದ್ದವರ ಅಕ್ಷರವನ್ನೇ ಉಬ್ಬಿಸಿದ ಗುರುತು. ಅದು ಇಡೀ ಪುಸ್ತಕ ಬರೆಯುವ ಲಿಪಿಯಾಗಲಿಲ್ಲ, ಶಿಷ್ಯ ಪರಂಪರೆಯಲ್ಲಿ ಹಬ್ಬಲೂ ಇಲ್ಲ. ಇಲ್ಲದ ಕಿರೀಟವನ್ನು ಅವರಿಗೆ ತೊಡಿಸುವ ಅಗತ್ಯವಿಲ್ಲ, ಅವರು ಮಾಡಿದ್ದೇ ಸಾಕಷ್ಟು ದೊಡ್ಡದು. ತನ್ನ ಪುಸ್ತಕದ ಬೆಲೆಯನ್ನು ಇನ್ನೊಬ್ಬರನ್ನು ಕೇಳದೆ ತಾನೇ ತಿಳಿಯಬೇಕೆಂಬ ಅಗತ್ಯ ಅವರಿಗಿತ್ತು. ಆ ಅಗತ್ಯಕ್ಕೆ ಬೇಕಾದ ಉಪಕರಣವನ್ನು ಅವರೇ ತಮ್ಮ ಕೈಯಾರೆ ಮಾಡಿಕೊಂಡರು. ಬೆರಳಿನ ಓದಿನ ಇತಿಹಾಸದಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿ ಇದು.

ಇದರ ಜೊತೆಗೆ ಇನ್ನೊಂದು ಪರಂಪರೆಯನ್ನೂ ನೆನೆಯಬೇಕು. ಅದು ಕಿವಿಯ ಪರಂಪರೆ. ಸಿಡುಬಿನಿಂದ ಬಾಲ್ಯದಲ್ಲೇ ಕಣ್ಣು ಕಳೆದುಕೊಂಡ ಅಬುಲ್ ಅಲಾ ಅಲ್ ಮಅರ್ರಿ (973-1057) ಅರಬ್ಬಿಯ ಮಹಾಕವಿಗಳಲ್ಲೊಬ್ಬರಾದುದು ಕೇಳಿ, ನೆನಪಿಟ್ಟು, ಹೇಳಿ ಬರೆಸಿ. ಅದೇ ಕವಿಯ ಮೇಲೆ ಪ್ರಬಂಧ ಬರೆದು 1914ರಲ್ಲಿ ಕೈರೋ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದ ತಾಹಾ ಹುಸೇನ್ ಕೂಡ ಅಂಧರೇ. ಆಮೇಲೆ ಪ್ಯಾರಿಸ್ಸಿನಲ್ಲಿ ಇಬ್ನ್ ಖಲ್ದೂನರ ಮೇಲೆ ಇನ್ನೊಂದು ಡಾಕ್ಟರೇಟ್ ಪಡೆದು, 1950ರಿಂದ 1952ರವರೆಗೆ ಅವರು ಈಜಿಪ್ಟಿನ ಶಿಕ್ಷಣ ಸಚಿವರಾಗಿದ್ದರು. ಅವರ ವ್ಯಾಸಂಗದ ಹಿಂದೆ ಓದಿ ಹೇಳಿದವರ ಧ್ವನಿಗಳಿದ್ದವು, ಮುಖ್ಯವಾಗಿ ಹೆಂಡತಿ ಸುಝಾನ್ ಅವರ ಧ್ವನಿಯಿತ್ತು. ನಮ್ಮ ನಾಡಿನಲ್ಲೂ ಕುರ್‌ಆನನ್ನು ಕೇಳಿ ಕಂಠಪಾಠ ಮಾಡಿದ ಅಂಧ ಹಾಫಿಝರಿಗೆ ಗೌರವವಿದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಅನ್ನ, ಆಸರೆ, ಸಂಗೀತ ಕೊಟ್ಟು ನಾಡಿಗೆ ಎಷ್ಟೋ ಕಲಾವಿದರನ್ನು ಕೊಟ್ಟರು. ಕಿವಿಯ ಪರಂಪರೆಯನ್ನು ಕೀಳುಗಳೆಯಲು ಯಾರಿಗೂ ಸಾಧ್ಯವಿಲ್ಲ. ಆದರೆ ಕಿವಿಯ ಓದಿಗೆ ಯಾವಾಗಲೂ ಇನ್ನೊಬ್ಬರು ಬೇಕು. ತಾಹಾ ಹುಸೇನರಿಗೆ ಓದಿ ಹೇಳುವವರು ಸಿಕ್ಕರು. ಸಿಗದವರ ಪಾಡೇನು?

ಪ್ಯಾರಿಸ್ಸಿನ ಆರು ಚುಕ್ಕೆಗಳು

ಯುರೋಪಿನಲ್ಲಿ ಅಂಧರಿಗಾಗಿ ಮೊದಲ ಶಾಲೆ ತೆರೆದವರು ವಲಾಂತಾನ್ ಆಯೀ. ಪ್ಯಾರಿಸ್ಸಿನ ಜಾತ್ರೆಯೊಂದರಲ್ಲಿ ಅಂಧರಿಗೆ ವಿಚಿತ್ರ ವೇಷ ತೊಡಿಸಿ, ವಾದ್ಯ ಕೊಟ್ಟು, ಜನ ನಗುವಂತೆ ಮಾಡಿದ್ದನ್ನು ನೋಡಿ ಅವರು ನೊಂದರು. 1780ರ ದಶಕದ ಮಧ್ಯದಲ್ಲಿ ಶಾಲೆ ಆರಂಭಿಸಿದರು. ಒದ್ದೆ ಕಾಗದದ ಮೇಲೆ ದೊಡ್ಡ ದೊಡ್ಡ ರೋಮನ್ ಅಕ್ಷರಗಳನ್ನು ಒತ್ತಿ ಉಬ್ಬಿಸಿ ಪುಸ್ತಕ ಮಾಡಿಸಿದರು. ಉದ್ದೇಶ ಒಳ್ಳೆಯದು. ಆದರೆ ಆ ಅಕ್ಷರಗಳು ಕಣ್ಣಿಗಾಗಿ ಹುಟ್ಟಿದವು. ಬೆರಳು ಒಂದೊಂದು ಅಕ್ಷರದ ಅಂಚನ್ನೂ ಸುತ್ತಿ ಬರಬೇಕಿತ್ತು. ಪುಸ್ತಕಗಳು ಎತ್ತಲಾರದಷ್ಟು ಭಾರ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ಓದಬಲ್ಲ ಹುಡುಗ ಆ ಅಕ್ಷರವನ್ನು ತಾನೇ ಬರೆಯಲಾರನಾಗಿದ್ದ.

ಲೂಯಿ ಬ್ರೈಲ್ ಹುಟ್ಟಿದ್ದು 1809ರಲ್ಲಿ, ಕುದುರೆಯ ಜೀನು ಹೊಲಿಯುವ ಕಸುಬಿನವರ ಮನೆಯಲ್ಲಿ. ಮೂರನೆಯ ವಯಸ್ಸಿನಲ್ಲಿ ಅಪ್ಪನ ಅಂಗಡಿಯ ಚೂಪಾದ ಉಪಕರಣ ತಾಗಿ ಕಣ್ಣಿಗೆ ಗಾಯವಾಯಿತು. ಸೋಂಕು ಹರಡಿ ಎರಡೂ ಕಣ್ಣು ಹೋದವು. 1819ರಲ್ಲಿ ಅವನು ಪ್ಯಾರಿಸ್ಸಿನ ಅಂಧರ ಶಾಲೆಗೆ ಬಂದ. ಸೈನ್ಯದಲ್ಲಿದ್ದ ಶಾರ್ಲ್ ಬಾರ್ಬಿಯೇ ಎಂಬುವರು ಹನ್ನೆರಡು ಉಬ್ಬು ಚುಕ್ಕೆಗಳ ಒಂದು ಪದ್ಧತಿಯನ್ನು ಆ ಶಾಲೆಗೆ ತಂದಿದ್ದರು. ಹನ್ನೆರಡು ಚುಕ್ಕೆ ಒಂದು ಬೆರಳತುದಿಗೆ ಒಮ್ಮೆಗೇ ಸಿಗುವುದಿಲ್ಲ ಎಂಬುದು ಆ ಹುಡುಗನಿಗೆ ತನ್ನ ಬೆರಳಿನಿಂದಲೇ ಗೊತ್ತಾಯಿತು. ಅವನು ಅದನ್ನು ಆರಕ್ಕೆ ಇಳಿಸಿದ. ಎರಡು ಸಾಲು, ಒಂದೊಂದರಲ್ಲಿ ಮೂರು ಚುಕ್ಕೆ. 1824ರಲ್ಲಿ ಇದರ ರೂಪ ಸಿದ್ಧವಾದಾಗ ಅವನ ವಯಸ್ಸು ಹದಿನೈದು. 1829ರಲ್ಲಿ ಪದ್ಧತಿ ಪ್ರಕಟವಾಯಿತು.

ಆರು ಚುಕ್ಕೆಗಳಲ್ಲಿ ಯಾವುದು ಇದೆ, ಯಾವುದು ಇಲ್ಲ ಎಂಬುದರಿಂದ ಅರವತ್ತಮೂರು ಗುರುತುಗಳು ಹುಟ್ಟುತ್ತವೆ. ಎಡಸಾಲಿನ ಚುಕ್ಕೆಗಳಿಗೆ ಮೇಲಿನಿಂದ ಕೆಳಕ್ಕೆ 1, 2, 3. ಬಲಸಾಲಿಗೆ 4, 5, 6 ಎಂದು ಲೆಕ್ಕ. ಅಳಗುಳಿ ಮಣೆಯಲ್ಲಿ ಗುಳಿಗಳನ್ನು ಎಣಿಸದೆಯೇ ಕೈ ತಾನಾಗಿ ಗುರುತಿಸುವಂತೆ, ಅಭ್ಯಾಸವಾದ ಬೆರಳು ಮನೆಯಿಂದ ಮನೆಗೆ ಹರಿಯುತ್ತದೆ. ಒಂದು ತಗಡಿನ ಚೌಕಟ್ಟು, ಒಂದು ಮೊಳೆಯಂಥ ಕಡ್ಡಿ ಇದ್ದರೆ ಬರೆಯಲೂಬಹುದು. ಕಾಗದದ ಹಿಂಬದಿಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತಾ ಹೋಗಿ, ಹಾಳೆಯನ್ನು ಮಗುಚಿ ಎಡದಿಂದ ಬಲಕ್ಕೆ ಓದಿಕೊಳ್ಳುತ್ತಾರೆ.

ಇದನ್ನು ಶಾಲೆ ಸ್ವಾಗತಿಸಿರಬೇಕೆಂದು ನಾವು ಭಾವಿಸುತ್ತೇವೆ. ಆದದ್ದು ಬೇರೆ. 1840ರಲ್ಲಿ ಬಂದ ಹೊಸ ನಿರ್ದೇಶಕ ದ್ಯುಫೋ ಈ ಲಿಪಿಯನ್ನು ನಿಷೇಧಿಸಿದರು. ಅಂಧರು ಕಣ್ಣಿದ್ದವರಿಗೆ ಓದಲಾಗದ ಲಿಪಿ ಕಲಿತರೆ ಸಮಾಜದಿಂದ ಬೇರೆಯಾಗುತ್ತಾರೆ ಎಂಬುದು ಅಂದಿನ ವಾದ. ಮಕ್ಕಳು ಕದ್ದುಮುಚ್ಚಿ ಚುಕ್ಕೆ ಚುಚ್ಚುವುದನ್ನು ಬಿಡಲಿಲ್ಲ. ಸಹಾಯಕ ನಿರ್ದೇಶಕ ಗಾದೆ ಅವರ ಒತ್ತಾಸೆಯಿಂದ 1844ರಲ್ಲಿ ಶಾಲೆಯ ಹೊಸ ಕಟ್ಟಡದ ಉದ್ಘಾಟನೆಯ ದಿನ ಈ ಲಿಪಿಯ ಬಹಿರಂಗ ಪ್ರದರ್ಶನ ನಡೆಯಿತು. ಬ್ರೈಲ್ ತೀರಿಕೊಂಡದ್ದು 1852ರಲ್ಲಿ. ಫ್ರಾನ್ಸಿನಲ್ಲಿ ಲಿಪಿಗೆ ಅಧಿಕೃತ ಮನ್ನಣೆ ಸಿಕ್ಕಿದ್ದು ಅದಾದ ಎರಡು ವರ್ಷಕ್ಕೆ.

ಕಣ್ಣಿದ್ದವರಿಗೆ ಅನುಕೂಲವಾದುದೇ ಅಂಧರಿಗೂ ಒಳ್ಳೆಯದು ಎಂಬ ನಂಬಿಕೆ ಅಂದು ಒಂದು ಲಿಪಿಯನ್ನು ಹತ್ತಾರು ವರ್ಷ ತಡೆಹಿಡಿಯಿತು. ಆ ನಂಬಿಕೆ ಇಂದೂ ಬೇರೆ ವೇಷದಲ್ಲಿ ಇದೆ. ಅದನ್ನು ಮುಂದೆ ನೋಡೋಣ.

ಮೈಸೂರಿನಿಂದ ಬೈರೂತಿಗೆ

ಭಾರತದಲ್ಲಿ ಅಂಧರ ಮೊದಲ ಶಾಲೆಯನ್ನು 1887ರಲ್ಲಿ ಅಮೃತಸರದಲ್ಲಿ ಆನಿ ಶಾರ್ಪ್ ಎಂಬ ಮಿಶನರಿ ತೆರೆದರು. ನಮ್ಮ ಮೈಸೂರಿನಲ್ಲಿ 1901ರಲ್ಲಿ ಎಂ. ಶ್ರೀನಿವಾಸರಾಯರು ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಶಾಲೆ ಆರಂಭಿಸಿದರು. ತಿಲಕ್ ನಗರದಲ್ಲಿ ಸರ್ಕಾರಿ ಶಾಲೆಯಾಗಿ ಬೆಳೆದ ಆ ಸಂಸ್ಥೆಯ ವಯಸ್ಸು ಮೈಸೂರು ವಿಶ್ವವಿದ್ಯಾನಿಲಯಕ್ಕಿಂತ ಹದಿನೈದು ವರ್ಷ ಹೆಚ್ಚು. ವಿಶ್ವವಿದ್ಯಾನಿಲಯ ಹುಟ್ಟುವ ಮೊದಲೇ ಮೈಸೂರಿನಲ್ಲಿ ಅಂಧ ಮಕ್ಕಳು ಅಕ್ಷರ ಕಲಿಯುತ್ತಿದ್ದರು ಎಂಬುದನ್ನು ನಾವು ಮರೆಯಬಾರದು.

ಆದರೆ ಯಾವ ಅಕ್ಷರ? ಆಗ ಇಡೀ ದೇಶಕ್ಕೆ ಒಂದು ಬ್ರೈಲ್ ಇರಲಿಲ್ಲ. ಒಬ್ಬೊಬ್ಬ ಮಿಶನರಿ, ಒಬ್ಬೊಬ್ಬ ಅಧ್ಯಾಪಕ, ಒಂದೊಂದು ಪ್ರಾಂತ ತನ್ನದೇ ಪದ್ಧತಿ ಮಾಡಿಕೊಂಡಿತ್ತು. ಕಲ್ಕತ್ತೆಯಲ್ಲಿ ಲಾಲ್ ಬಿಹಾರಿ ಷಾ ಅವರದು ಒಂದು, ಶಿರೆಫ್ ಅವರದು ಇನ್ನೊಂದು, ಓರಿಯೆಂಟಲ್ ಬ್ರೈಲ್ ಮತ್ತೊಂದು. ‘ಮೈಸೂರು ಬ್ರೈಲ್’ ಎಂಬ ಹೆಸರಿನದೇ ಒಂದು ಪದ್ಧತಿಯಿತ್ತು. ಮೈಸೂರಿನಲ್ಲಿ ಕಲಿತವರು ಬರೆದದ್ದು ಬೇರೆ ಪ್ರಾಂತದ ಅಂಧರಿಗೆ ಅರ್ಥವಾಗುವಂತಿರಲಿಲ್ಲ. ಪುಸ್ತಕ ಮುದ್ರಿಸಿದರೆ ಕೊಳ್ಳುವವರು ಬೆರಳೆಣಿಕೆ. ಹೀಗಾಗಿ ಪುಸ್ತಕಗಳೇ ಹುಟ್ಟಲಿಲ್ಲ.

1940ರ ದಶಕದಲ್ಲಿ ಇಡೀ ಭಾರತಕ್ಕೆ ಒಂದೇ ಪದ್ಧತಿ ರೂಪಿಸುವ ಪ್ರಯತ್ನ ಶುರುವಾಯಿತು. ನಮ್ಮ ವರ್ಣಮಾಲೆಯ ಕ್ರಮಕ್ಕೆ ತಕ್ಕಂತೆ ಚುಕ್ಕೆಗಳನ್ನು ಹೊಸದಾಗಿ ಜೋಡಿಸಬೇಕೆಂದು ಒಂದು ಪಕ್ಷ. ಜಗತ್ತಿನಾದ್ಯಂತ ನೆಲೆನಿಂತ ಮೂಲ ಬ್ರೈಲ್‌ನ ಧ್ವನಿಗಳನ್ನೇ ಇಟ್ಟುಕೊಳ್ಳಬೇಕೆಂದು ಇನ್ನೊಂದು ಪಕ್ಷ. ಸ್ವಾತಂತ್ರ್ಯ ಬಂದ ಮೇಲೂ ಜಗಳ ಮುಗಿಯಲಿಲ್ಲ. 1949ರಲ್ಲಿ ಭಾರತ ಸರ್ಕಾರ ಈ ಸಮಸ್ಯೆಯನ್ನು ಯುನೆಸ್ಕೋದ ಮುಂದಿಟ್ಟಿತು. ಆಗ ದೇಶದ ಶಿಕ್ಷಣ ಸಚಿವರು ಮೌಲಾನಾ ಅಬುಲ್ ಕಲಾಂ ಆಝಾದ್. ಕೋಟ್ಯಂತರ ನಿರಕ್ಷರಿಗಳಿದ್ದ, ವಿಭಜನೆಯ ಗಾಯ ಆರದಿದ್ದ ದೇಶವೊಂದು ಅಂಧರ ಲಿಪಿಯ ಪ್ರಶ್ನೆಯನ್ನು ಜಗತ್ತಿನ ವೇದಿಕೆಗೆ ಒಯ್ದದ್ದು ಸಣ್ಣ ಸಂಗತಿಯಲ್ಲ. ಯುನೆಸ್ಕೋ ಈ ಕೆಲಸವನ್ನು ಕ್ಲೂಥಾ ಮೆಕೆಂಝಿ ಅವರಿಗೆ ವಹಿಸಿತು. ಅವರು ಮೊದಲ ಮಹಾಯುದ್ಧದಲ್ಲಿ ಗಲಿಪೊಲಿ ಕಾಳಗದಲ್ಲಿ ಕಣ್ಣು ಕಳೆದುಕೊಂಡ ನ್ಯೂಝಿಲೆಂಡಿನವರು, ಎರಡನೆಯ ಯುದ್ಧದ ಕಾಲದಲ್ಲಿ ಡೆಹ್ರಾಡೂನಿನಲ್ಲಿ ಅಂಧ ಸೈನಿಕರ ನಡುವೆ ದುಡಿದವರು.

1950ರಲ್ಲಿ ಪ್ಯಾರಿಸ್ಸಿನಲ್ಲಿ, 1951ರ ಫೆಬ್ರವರಿಯಲ್ಲಿ ಲೆಬನಾನಿನ ಬೈರೂತಿನಲ್ಲಿ ಸಭೆಗಳು ನಡೆದವು. ಬೈರೂತಿನ ಸಭೆಯಲ್ಲಿ ಭಾರತೀಯ ಭಾಷೆಗಳ ಜೊತೆಗೆ ಅರಬ್ಬಿ, ಫಾರಸಿ, ಉರ್ದು, ಮಲಯ ಭಾಷೆಗಳ ಪ್ರಶ್ನೆಯೂ ಇತ್ತು. ಒಪ್ಪಿಕೊಂಡ ಸೂತ್ರ ಸರಳ: ಸಾಧ್ಯವಾದಲ್ಲೆಲ್ಲ ಒಂದೇ ಧ್ವನಿಗೆ ಒಂದೇ ಗುರುತು. ಅದೇ ವರ್ಷ ‘ಭಾರತಿ ಬ್ರೈಲ್’ ಜಾರಿಗೆ ಬಂತು, ಡೆಹ್ರಾಡೂನಿನಲ್ಲಿ ಕೇಂದ್ರೀಯ ಬ್ರೈಲ್ ಮುದ್ರಣಾಲಯ ಶುರುವಾಯಿತು.

ಈ ಸೂತ್ರದ ಫಲವನ್ನು ನಾವು ಕೈಮುಟ್ಟಿಯೇ ನೋಡಬಹುದು. 1 ಮತ್ತು 3ನೆಯ ಚುಕ್ಕೆ ಸೇರಿದರೆ ಇಂಗ್ಲಿಷಿನ ‘ಕೆ’, ಕನ್ನಡದ ಕ, ಹಿಂದಿಯ ಕ, ಉರ್ದು-ಅರಬ್ಬಿಯ ಕಾಫ್. 1, 2, 3 ಸೇರಿದರೆ ಕನ್ನಡದ ಲ, ಅರಬ್ಬಿಯ ಲಾಮ್. 1, 3, 4 ಸೇರಿದರೆ ಮ, ಮೀಮ್. ಮುದ್ರಣದಲ್ಲಿ ಬಲದಿಂದ ಎಡಕ್ಕೆ ಸಾಗುವ ಅರಬ್ಬಿ, ಉರ್ದು ಭಾಷೆಗಳು ಬ್ರೈಲ್‌ನಲ್ಲಿ ಕನ್ನಡದಂತೆಯೇ ಎಡದಿಂದ ಬಲಕ್ಕೆ ಸಾಗುತ್ತವೆ. ಮಂಡ್ಯದ ಅಂಧ ಮುಸ್ಲಿಂ ಹುಡುಗನೊಬ್ಬ ಕನ್ನಡ, ಉರ್ದು ಎರಡನ್ನೂ ಒಂದೇ ದಿಕ್ಕಿನಲ್ಲಿ, ಒಂದೇ ಆರು ಚುಕ್ಕೆಗಳಲ್ಲಿ ಓದಬಲ್ಲ. ಯಾವ ಲಿಪಿ ಯಾರದು ಎಂದು ಕಣ್ಣಿದ್ದವರು ಬೀದಿಯಲ್ಲಿ ಜಗಳವಾಡುವ ದೇಶದಲ್ಲಿ ಅವನ ಬೆರಳಿಗೆ ಆ ಜಗಳವೇ ಗೊತ್ತಾಗುವುದಿಲ್ಲ.

ಹಾಗೆಂದು ಕನ್ನಡದ ಸ್ವಂತಿಕೆ ಕಳೆದುಹೋಗಲಿಲ್ಲ. ಹಿಂದಿಗೆ ಎ-ಏ, ಒ-ಓ ಎಂಬ ಹ್ರಸ್ವ ದೀರ್ಘದ ಭೇದ ಬೇಕಿಲ್ಲ. ಕನ್ನಡಕ್ಕೆ ಬೇಕೇ ಬೇಕು. ‘ಕೊಡು’ ಬೇರೆ, ‘ಕೋಡು’ ಬೇರೆ. ಹೀಗಾಗಿ ಎ ಮತ್ತು ಒ ಹ್ರಸ್ವಗಳಿಗೆ ಪ್ರತ್ಯೇಕ ಗುರುತುಗಳಿವೆ. ಳಕಾರಕ್ಕೂ ತನ್ನದೇ ಗುರುತಿದೆ. ದುದ್ದದ ಐದು ಮನೆಗಳು ನಿರ್ಧಾರವಾದದ್ದು ಹೀಗೆ.

ಹದಿನೆಂಟರ ಗಡಿ

ಇಲ್ಲಿಯವರೆಗಿನದು ಗೆಲುವಿನ ಕಥೆ. ಮೈಸೂರಿನಲ್ಲಿ ಸರ್ಕಾರಿ ಬ್ರೈಲ್ ಮುದ್ರಣಾಲಯವಿದೆ, ಕನ್ನಡದ ಶಾಲಾ ಪಠ್ಯಗಳು ಅಲ್ಲಿ ಬ್ರೈಲ್ ರೂಪ ಪಡೆದಿವೆ. ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳು ಬ್ರೈಲ್ ಮತ್ತು ಧ್ವನಿ ಪುಸ್ತಕಗಳಿಗಾಗಿ ದುಡಿದಿವೆ. ಕಾನೂನೂ ಬಂದಿದೆ. 1995ರ ಅಂಗವಿಕಲರ ಕಾಯ್ದೆಯ ಜಾಗಕ್ಕೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಬಂತು. ಉನ್ನತ ಶಿಕ್ಷಣದ ಸರ್ಕಾರಿ ಮತ್ತು ಅನುದಾನಿತ ಸಂಸ್ಥೆಗಳಲ್ಲಿ ಶೇಕಡಾ 5ಕ್ಕೆ ಕಡಿಮೆಯಿಲ್ಲದಷ್ಟು ಸೀಟುಗಳನ್ನು ಅದು ಮೀಸಲಿಟ್ಟಿತು.

ಅದೇ ಕಾಯ್ದೆಯ 17ನೆಯ ಕಲಮನ್ನು ಗಮನವಿಟ್ಟು ಓದಬೇಕು. ಪುಸ್ತಕ, ಕಲಿಕಾ ಸಾಮಗ್ರಿ, ಸಾಧನಗಳನ್ನು ಉಚಿತವಾಗಿ ಕೊಡಬೇಕೆಂದು ಅದು ಹೇಳುತ್ತದೆ. ಎಲ್ಲಿಯವರೆಗೆ? ಹದಿನೆಂಟು ವರ್ಷ ವಯಸ್ಸಿನವರೆಗೆ. ನಮ್ಮ ಮಕ್ಕಳು ಪಿಯುಸಿ ಮುಗಿಸಿ ಪದವಿಗೆ ಕಾಲಿಡುವ ವಯಸ್ಸು ಅದೇ. ಒಂದು ಕಲಮು ವಿಶ್ವವಿದ್ಯಾನಿಲಯದ ಬಾಗಿಲು ತೆರೆಯುತ್ತದೆ, ಇನ್ನೊಂದು ಕಲಮಿನ ಉಚಿತ ಪುಸ್ತಕ ಆ ಬಾಗಿಲ ಹೊರಗೇ ನಿಲ್ಲುತ್ತದೆ.

ಒಳಗೆ ಹೋದವರಿಗೆ ಏನು ಸಿಗುತ್ತದೆ? ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಯೋಜನೆಗಳಿಂದ ಕೆಲವು ಕಡೆ ಅಂಧ ವಿದ್ಯಾರ್ಥಿಗಳಿಗಾಗಿ ಕೊಠಡಿಗಳು, ಮಾತಾಡುವ ಕಂಪ್ಯೂಟರುಗಳು ಬಂದವು. ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶವನ್ನು 2006ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಅಂಧ ತರುಣರು ಆರಂಭಿಸಿ ಉಚಿತವಾಗಿ ಹಂಚಿದರು. ಇವು ದೊಡ್ಡ ಉಪಕಾರ. ಆದರೆ ಕನ್ನಡದ ಮಟ್ಟಿಗೆ ಒಂದು ವಿಚಿತ್ರ ಅಡ್ಡಿಯಿತ್ತು. ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಟೈಪು ಮಾಡಿದ ಕನ್ನಡ ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿನ ಒಳಗೆ ಅದು ಇಂಗ್ಲಿಷಿನ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಯಂತ್ರ ಅದನ್ನು ಓದಿದರೆ ಗೊಣಗಾಟ, ಬ್ರೈಲ್‌ಗೆ ತಿರುಗಿಸಿದರೆ ಕಸ. ಅಂಥ ಅಕ್ಷರದಲ್ಲಿ ಸಿದ್ಧವಾದ ಕನ್ನಡ ಪುಸ್ತಕ, ಪ್ರಬಂಧ, ನೋಟ್ಸುಗಳೆಲ್ಲ ಅಂಧ ವಿದ್ಯಾರ್ಥಿಯ ಪಾಲಿಗೆ ಮುಚ್ಚಿದ ಪೆಟ್ಟಿಗೆಗಳೇ.

ಪರೀಕ್ಷೆಯ ದಿನ ಬರೆದುಕೊಡಲು ಸಹಾಯಕರು ಸಿಗುತ್ತಾರೆ. 2013ರ ಕೇಂದ್ರದ ಮಾರ್ಗಸೂಚಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚಿನ ಸಮಯವನ್ನೂ ಕೊಟ್ಟಿತು. ಹೀಗೆ ವರ್ಷವಿಡೀ ಕೇಳುವುದು, ಕೊನೆಗೆ ಹೇಳಿ ಬರೆಸುವುದು. ಇದರ ನಡುವೆ ವಿದ್ಯಾರ್ಥಿ ತಾನೇ ಅಕ್ಷರ ಮುಟ್ಟುವ ಸಂದರ್ಭ ಬರುವುದೇ ಇಲ್ಲ. ಕೇಳಿದ ಪದದ ಕಾಗುಣಿತ ಗೊತ್ತಾಗುವುದಿಲ್ಲ. ‘ಶ’ ಯಾವುದು, ‘ಷ’ ಯಾವುದು, ಎಲ್ಲಿ ಅಲ್ಪಪ್ರಾಣ, ಎಲ್ಲಿ ಮಹಾಪ್ರಾಣ ಎಂಬುದನ್ನು ಕಿವಿ ಖಚಿತವಾಗಿ ಹೇಳಲಾರದು. ಪುಟದ ನಡುವೆ ನಿಂತು, ಹಿಂದಕ್ಕೆ ಹೋಗಿ, ಒಂದು ವಾಕ್ಯವನ್ನು ಮತ್ತೆ ಮುಟ್ಟಿ ಯೋಚಿಸುವ ಓದು ಧ್ವನಿಯಲ್ಲಿ ಕಷ್ಟ. ತುಮಕೂರು ಜಿಲ್ಲೆಯ ಕೆಂಪಹೊನ್ನಯ್ಯನವರು 2016ರ ಸಾಲಿನ ನಾಗರಿಕ ಸೇವಾ ಪರೀಕ್ಷೆಯಲ್ಲಿ 340ನೆಯ ಸ್ಥಾನ ಪಡೆದಾಗ ನಾಡೇ ಸಂಭ್ರಮಿಸಿತು. ಅವರಿಗಾಗಿ ಪಠ್ಯಗಳನ್ನು ಓದಿ ಧ್ವನಿಮುದ್ರಿಸಿದವರು ಅವರ ಹೆಂಡತಿ. ತಾಹಾ ಹುಸೇನರಿಗೆ ದೊರೆತ ಭಾಗ್ಯವೇ ನೂರು ವರ್ಷಗಳ ಬಳಿಕ ಇಲ್ಲಿಯೂ ಬೇಕಾಯಿತು. ಮನೆಯವರ ಪ್ರೀತಿ ದೊಡ್ಡದು, ನಿಜ. ಆದರೆ ವಿಶ್ವವಿದ್ಯಾನಿಲಯ ಮಾಡಬೇಕಾದ ಕೆಲಸವನ್ನು ಹೆಂಡತಿಯೋ ತಾಯಿಯೋ ತಂಗಿಯೋ ಮಾಡಬೇಕಾದ ಸ್ಥಿತಿಯನ್ನು ನಾವು ಬರೀ ಚಪ್ಪಾಳೆಯಿಂದ ಮುಚ್ಚಬಾರದು.

ಅಲ್ಪದೃಷ್ಟಿಯವರ ಪಾಡು ಇನ್ನೂ ಬೇರೆ. ಸ್ವಲ್ಪ ಕಾಣುತ್ತದಲ್ಲ ಎಂದು ಅವರಿಗೆ ಬ್ರೈಲ್ ಕಲಿಸುವುದಿಲ್ಲ. ಸರಿಯಾಗಿ ಕಾಣದೆ ಸಾಮಾನ್ಯ ಮುದ್ರಣವನ್ನೂ ಓದಲಾಗುವುದಿಲ್ಲ. ಅವರಿಗೆ ಬೇಕಾದುದು ದಪ್ಪಕ್ಷರ, ಗಾಢವಾದ ಬಣ್ಣಭೇದ, ಕಂಡದ್ದನ್ನು ಬೆರಳೂ ಖಚಿತಪಡಿಸಿಕೊಳ್ಳುವಂಥ ಉಬ್ಬುಗೆರೆ. 2011ರ ಜನಗಣತಿ ದೃಷ್ಟಿದೋಷದವರೆಂದು ಲೆಕ್ಕ ಹಾಕಿದ ದೇಶದ 50 ಲಕ್ಷ ಜನರಲ್ಲಿ ಇಂಥವರೂ ಇದ್ದಾರೆ.

ಬೆರಳಿಗೊಂದು ಭೂಪಟ

ಪಠ್ಯವನ್ನಾದರೂ ಕೇಳಬಹುದು. ಚಿತ್ರವನ್ನು ಕೇಳುವುದು ಹೇಗೆ? ಅರ್ಥಶಾಸ್ತ್ರದ ಬೇಡಿಕೆ-ಪೂರೈಕೆಯ ರೇಖೆಗಳು, ಭೂಗೋಳದ ನದಿಗಳು, ಸಂಖ್ಯಾಶಾಸ್ತ್ರದ ವಕ್ರರೇಖೆ, ರಸಾಯನಶಾಸ್ತ್ರದ ರಚನೆಗಳು ಪದವಿ ತರಗತಿಯ ಜೀವಾಳ. ಇವು ಬೆರಳಿಗೆ ಸಿಗದ ಕಾರಣಕ್ಕೇ ಅಂಧ ವಿದ್ಯಾರ್ಥಿಗಳನ್ನು ಕಲಾ ವಿಭಾಗಕ್ಕೆ, ಅದರಲ್ಲೂ ಚಿತ್ರವಿಲ್ಲದ ವಿಷಯಗಳಿಗೆ ತಳ್ಳುವ ರೂಢಿ ಬೆಳೆಯಿತು. ನೆರೆಯ ಆಂಧ್ರದ ಶ್ರೀಕಾಂತ್ ಬೊಲ್ಲಾ ಹತ್ತನೆಯ ತರಗತಿಯ ಬಳಿಕ ವಿಜ್ಞಾನ ಓದುವ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಅನುಮತಿ ಪಡೆದು, ಗೆದ್ದು, ಆಮೇಲೆ ಅಮೆರಿಕದ ಎಂಐಟಿಯಲ್ಲಿ ಓದಿದರು.

ಅಂಧರಿಗೆ ವಿಜ್ಞಾನ, ಗಣಿತ ಒಗ್ಗುವುದಿಲ್ಲ ಎಂಬ ಮಾತಿಗೆ ಇತಿಹಾಸದ ಆಧಾರವಿಲ್ಲ. ನ್ಯೂಟನ್ ಒಂದು ಕಾಲಕ್ಕೆ ಕೂತಿದ್ದ ಕೇಂಬ್ರಿಜ್‌ನ ಗಣಿತ ಪೀಠಕ್ಕೆ 1711ರಲ್ಲಿ ಬಂದ ನಿಕೊಲಸ್ ಸಾಂಡರ್ಸನ್ ಅಂಧರು. ರಂಧ್ರಗಳ ಹಲಗೆಯಲ್ಲಿ ಗುಂಡುಸೂಜಿ ಚುಚ್ಚಿ ಲೆಕ್ಕ ಮಾಡುವ, ದಾರ ಸುತ್ತಿ ರೇಖಾಗಣಿತದ ಆಕೃತಿ ತಿಳಿಯುವ ಉಪಕರಣವನ್ನು ಅವರೇ ಮಾಡಿಕೊಂಡಿದ್ದರು. ಆಮಿದಿಯ ಕಾಗದದ ಎಳೆಗೂ ಈ ಹಲಗೆಗೂ ನಂಟಿದೆ, ಎರಡೂ ಬೆರಳಿಗೆ ಬೇಕಾದುದನ್ನು ಬೆರಳೇ ಕಂಡುಕೊಂಡ ಉಪಾಯಗಳು. ನಮ್ಮ ಅಂಧರ ಶಾಲೆಗಳಲ್ಲಿ ಬಳಕೆಯಲ್ಲಿರುವ, ಎಂಟು ಮೂಲೆಯ ರಂಧ್ರಗಳಲ್ಲಿ ಲೋಹದ ಮೊಳೆ ತಿರುಗಿಸಿಟ್ಟು ಅಂಕಿ ಗುರುತಿಸುವ ಟೇಲರ್ ಫ್ರೇಮು ಹುಟ್ಟಿದ್ದು 1838ರಲ್ಲಿ. ನಮ್ಮ ಕಾಲದಲ್ಲಿ ಶಂಖ ಚಿಪ್ಪುಗಳ ವಿಕಾಸವನ್ನು ಅಧ್ಯಯನ ಮಾಡಿದ ಜೀವವಿಜ್ಞಾನಿ ಖೀರಾಟ್ ವರ್ಮೇಯ್ ಮೂರನೆಯ ವಯಸ್ಸಿನಿಂದ ಅಂಧರು. ಅವರು ಚಿಪ್ಪುಗಳನ್ನು ಓದಿದ್ದು ಬೆರಳ ತುದಿಯಿಂದ.

ಇಂದು ಇದಕ್ಕೆ ಯಂತ್ರಗಳಿವೆ. ಬಿಸಿಗೆ ಉಬ್ಬುವ ಕಣಗಳನ್ನು ಲೇಪಿಸಿದ ವಿಶೇಷ ಕಾಗದದ ಮೇಲೆ ಕಪ್ಪು ಗೆರೆಯಲ್ಲಿ ಚಿತ್ರ ಮುದ್ರಿಸಿ ಶಾಖದ ಯಂತ್ರದಲ್ಲಿ ಹಾಯಿಸಿದರೆ, ಕಪ್ಪು ಭಾಗ ಹೆಚ್ಚು ಶಾಖ ಹೀರಿ ಅಷ್ಟೇ ಮೇಲೇಳುತ್ತದೆ. ಅಚ್ಚಿನ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಬಿಸಿಮಾಡಿ ಎಳೆದು ನೂರಾರು ಪ್ರತಿ ತೆಗೆಯಬಹುದು. ದೆಹಲಿಯ ಐಐಟಿಯಲ್ಲಿ ನಡೆದ ಸಂಶೋಧನೆಯಿಂದ 2018ರಲ್ಲಿ ಉಬ್ಬುಚಿತ್ರಗಳಿಗಾಗಿಯೇ ಒಂದು ಸಂಸ್ಥೆ ಹುಟ್ಟಿತು.

ಯಂತ್ರವಿಲ್ಲದೆಯೂ ಆಗುತ್ತದೆ. ಕಾವೇರಿ ಕಣಿವೆಯ ಪಟವನ್ನೇ ತೆಗೆದುಕೊಳ್ಳಿ. ಕಾವೇರಿಗೆ ದಪ್ಪ ಸೆಣಬಿನ ಹುರಿ, ಹೇಮಾವತಿ, ಲೋಕಪಾವನಿ, ಶಿಂಷೆಗೆ ತೆಳುವಾದ ದಾರ, ಜಿಲ್ಲೆಯ ಗಡಿಗೆ ದರ್ಜಿಗಳು ಬಟ್ಟೆಯ ಮೇಲೆ ಉರುಳಿಸುವ ಹಲ್ಲಿನ ಚಕ್ರದ ಚುಕ್ಕೆಗೆರೆ, ನೀರಾವರಿ ಪ್ರದೇಶಕ್ಕೆ ಮರಳು ಕಾಗದ, ಊರುಗಳಿಗೆ ಗೋಂದಿನಿಂದ ಅಂಟಿಸಿದ ಒಂದೊಂದು ಕಾಳು. ಹಲ್ಲಿನ ಚಕ್ರವನ್ನು ಉರುಳಿಸಬೇಕಾದುದು ಹಾಳೆಯ ಹಿಂಬದಿಯಲ್ಲಿ, ಆದ್ದರಿಂದ ಪಟವನ್ನು ಮೊದಲು ತಿರುಗುಮುರುಗಾಗಿ ಬರೆದುಕೊಳ್ಳಬೇಕು. ಇನ್ನೊಂದು ಎಚ್ಚರವೂ ಬೇಕು. ಕಣ್ಣು ಇಡೀ ಪಟವನ್ನು ಒಂದೇ ನೋಟಕ್ಕೆ ಹಿಡಿಯುತ್ತದೆ. ಬೆರಳು ತುಂಡು ತುಂಡಾಗಿ ಮುಟ್ಟಿ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತದೆ. ಮುದ್ರಿತ ಪಟದಲ್ಲಿರುವುದನ್ನೆಲ್ಲ ಹಾಗೆಯೇ ಉಬ್ಬಿಸಿದರೆ ಬೆರಳಿಗೆ ಸಿಗುವುದು ಗೋಜಲು. ನದಿಗಳಿಗೆ ಒಂದು ಹಾಳೆ, ಊರುಗಳಿಗೆ ಒಂದು, ಬೆಳೆಗಳಿಗೆ ಒಂದು ಎಂದು ಬಿಡಿಸಬೇಕು. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಹೇಳಬಲ್ಲವರು ಮುಟ್ಟಿ ಓದುವವರೇ. ಕಣ್ಣಿದ್ದವರು ತಮ್ಮ ಕಣ್ಣಿಗೆ ಚೆಂದ ಕಂಡ ಪಟ ಮಾಡಿಟ್ಟರೆ ಆಯೀಯವರ ಭಾರವಾದ ಪುಸ್ತಕಗಳ ಗತಿಯೇ ಅದಕ್ಕೂ ಆಗುತ್ತದೆ.

ನಮ್ಮ ಮುಂದಿನ ಕೆಲಸ

ಪ್ಯಾರಿಸ್ಸಿನ ನಿರ್ದೇಶಕರ ನಂಬಿಕೆ ಇಂದು ಬೇರೆ ವೇಷದಲ್ಲಿದೆ ಎಂದೆವು. ‘ಈಗ ಕಂಪ್ಯೂಟರ್ ಓದಿ ಹೇಳುತ್ತದೆಯಲ್ಲ, ಬ್ರೈಲ್ ಏಕೆ, ಉಬ್ಬುಚಿತ್ರ ಏಕೆ?’ ಎಂಬ ಮಾತೇ ಆ ವೇಷ. ಇದನ್ನು ಹೇಳುವವರು ಕೆಟ್ಟವರಲ್ಲ, ದ್ಯುಫೋ ಕೂಡ ಕೆಡುಕನ್ನು ಬಯಸಿದವರಲ್ಲ. ಆದರೆ ಕಣ್ಣಿದ್ದ ಮಕ್ಕಳಿಗೆ ಧ್ವನಿ ಪುಸ್ತಕ ಸಾಕು, ಅಕ್ಷರ ಬೇಡ ಎಂದು ನಾವು ಹೇಳುತ್ತೇವೆಯೇ? ನಮ್ಮ ಮಗುವಿಗೆ ಬೇಡವೆನ್ನಲಾಗದ್ದನ್ನು ಇನ್ನೊಬ್ಬರ ಮಗುವಿಗೆ ಬೇಡವೆನ್ನುವ ಹಕ್ಕು ನಮಗಿಲ್ಲ.

ಹಾದಿ ಮುಚ್ಚಿಲ್ಲ. 2012ರ ಕೃತಿಸ್ವಾಮ್ಯ ಕಾಯ್ದೆಯ ತಿದ್ದುಪಡಿ ಅಂಗವಿಕಲರು ಓದಬಲ್ಲ ರೂಪಕ್ಕೆ ಪುಸ್ತಕವನ್ನು ಬದಲಿಸಲು ಅವಕಾಶ ಕೊಟ್ಟಿತು. ಅಂಧರಿಗಾಗಿ ಪುಸ್ತಕಗಳು ದೇಶದಿಂದ ದೇಶಕ್ಕೆ ಸಾಗಲು ಅನುವು ಮಾಡಿದ 2013ರ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. 2016ರಲ್ಲಿ ‘ಸುಗಮ್ಯ ಪುಸ್ತಕಾಲಯ’ವೆಂಬ ಅಂತರ್ಜಾಲ ಗ್ರಂಥಾಲಯವೂ ಬಂತು. ಕಾನೂನು ಅಡ್ಡಿ ತೆಗೆದಿದೆ, ಪುಸ್ತಕ ಮಾಡಬೇಕಾದವರು ಮಾತ್ರ ಮುಂದೆ ಬರಬೇಕಾಗಿದೆ. ಕನ್ನಡದ ಪ್ರಕಾಶಕರು ತಮ್ಮ ಪುಸ್ತಕದ ಯೂನಿಕೋಡ್ ಪ್ರತಿಯನ್ನು ಕೊಟ್ಟರೆ ಬ್ರೈಲ್‌ಗೆ ಅರ್ಧ ದಾರಿ ಸವೆದಂತೆ. ವಿಶ್ವವಿದ್ಯಾನಿಲಯಗಳು ಪಠ್ಯಕ್ರಮ ಗೊತ್ತುಮಾಡುವಾಗಲೇ ಅದರ ಚಿತ್ರಗಳ ಉಬ್ಬುಪ್ರತಿಗೂ ಹಣ ತೆಗೆದಿಡಬೇಕು, ಆ ಕೆಲಸಕ್ಕೆ ಅಂಧ ಪದವೀಧರರನ್ನೇ ನೇಮಿಸಬೇಕು. ಹದಿನೆಂಟಕ್ಕೆ ನಿಂತುಹೋಗುವ ಉಚಿತ ಪುಸ್ತಕದ ಕಲಮನ್ನು ಪದವಿಯ ಕೊನೆಯವರೆಗೆ ಚಾಚುವಂತೆ ನಮ್ಮ ಪ್ರತಿನಿಧಿಗಳನ್ನು ಕೇಳಬೇಕು. ಮಸೀದಿ, ಮಠ, ಚರ್ಚುಗಳ ಟ್ರಸ್ಟುಗಳು ಅಂಧರಿಗೆ ಒಂದು ಹೊತ್ತಿನ ಊಟ ಕೊಟ್ಟು ಫೋಟೋ ತೆಗೆಸಿಕೊಳ್ಳುವುದರ ಜೊತೆಗೆ ಒಂದು ಪಠ್ಯಪುಸ್ತಕದ ಬ್ರೈಲ್ ಪ್ರತಿಯ ಖರ್ಚನ್ನೂ ವಹಿಸಬಹುದು.

ದುದ್ದ ಹೋಬಳಿಯ ಹುಡುಗಿಯೊಬ್ಬಳು ಅರ್ಥಶಾಸ್ತ್ರದ ತರಗತಿಯಲ್ಲಿ ಕೂತು, ಬೇಡಿಕೆಯ ಗೆರೆ ಇಳಿಯುತ್ತಾ ಪೂರೈಕೆಯ ಗೆರೆಯನ್ನು ಎಲ್ಲಿ ದಾಟುತ್ತದೆಂದು ಪಕ್ಕದವರನ್ನು ಕೇಳದೆ ತಾನೇ ಬೆರಳಿಟ್ಟು ತೋರಿಸುವಂತಾಗಬೇಕು. ಅದಕ್ಕೆ ಬೇಕಾದುದು ಒಂದು ಹಾಳೆ, ಎರಡು ಬಗೆಯ ದಾರ, ಸ್ವಲ್ಪ ಗೋಂದು. ಉಳಿದದ್ದು ನಮ್ಮ ಮನಸ್ಸು.